ಐಸಿನ ಹೊಟ್ಟೆಯ ಬಿಳಿ

ನಾಗೋಲಿನಿಂದ ರಾಯದುರ್ಗಂ ಕಡೆಗೆ ಹೋಗುವ ಮೆಟ್ರೋದಲ್ಲಿ ಉಪ್ಪಲ್, ಸ್ಟೇಡಿಯಂ ದಾಟಿದ ಮೇಲೆ ‘ಎನ್‌ಜಿಆರ್‌ಐ’ ಅನ್ನುವ ನಿಲ್ದಾಣ ಬರುತ್ತದೆ. ಆ ಹೆಸರನ್ನು ವರ್ಷಗಟ್ಟಲೆ ದಿನಾ ಕೇಳಿದ್ದರೂ ಅದು ಭೂಕಂಪದವರ ಆಫೀಸು ಎನ್ನುವುದಕ್ಕಿಂತ ಹೆಚ್ಚೇನೂ ನನಗೆ ಗೊತ್ತಿರಲಿಲ್ಲ. ಒಳಗೆ ಕಾಲಿಟ್ಟಿದ್ದು ಮಗಳಿಂದಾಗಿ. ಸೆಪ್ಟೆಂಬರ್ 26ರ ಸಿಎಸ್‌ಐಆರ್ ಸಂಸ್ಥಾಪನಾ ದಿನದ ಸುಮಾರಿಗೆ ಅವರ ಪ್ರಯೋಗಾಲಯಗಳನ್ನು ಜನರಿಗೆ ತೆರೆದಿಡುತ್ತಾರೆ. ಒಂಬತ್ತನೇ ಕ್ಲಾಸಿನ ಅವಳಿಗೆ ವಿಜ್ಞಾನದ ಪ್ರಾಜೆಕ್ಟಿಗೊಂದು ವಿಷಯ ಬೇಕಿತ್ತು.

ಅವಳು ನಿಂತುಬಿಟ್ಟಿದ್ದು ಉರಿಯುವ ಮಂಜುಗಡ್ಡೆಯ ಚಿತ್ರದ ಮುಂದೆ. ಗ್ಯಾಸ್ ಹೈಡ್ರೇಟ್ ಅನ್ನುತ್ತಾರೆ. ಚಳಿ ಮತ್ತು ಒತ್ತಡ ಎರಡೂ ಸಾಕಷ್ಟಿದ್ದರೆ ನೀರಿನ ಅಣುಗಳು ಪಂಜರ ಕಟ್ಟಿಕೊಂಡು ಮೀಥೇನನ್ನು ಒಳಗೆ ಕೂಡಿಹಾಕುತ್ತವೆ. ಒಂದು ಘನಮೀಟರ್ ಹೈಡ್ರೇಟ್ ಒಡೆದರೆ ಸುಮಾರು 160 ಘನಮೀಟರ್ ಗ್ಯಾಸ್. ಸೈಬೀರಿಯಾ, ಅಲಾಸ್ಕಾ, ಕೆನಡಾದ ಉತ್ತರದಲ್ಲಿ ವರ್ಷವಿಡೀ ಹೆಪ್ಪುಗಟ್ಟಿಯೇ ಇರುವ ನೆಲದ ಕೆಳಗೆ ಇದು ಸಿಗುತ್ತದೆ. ಅಂಥ ನೆಲ ನಮ್ಮಲ್ಲಿ ಹಿಮಾಲಯ ಬಿಟ್ಟರೆ ಇಲ್ಲ. ಆದರೆ ಹೈಡ್ರೇಟ್ ಆಳ ಸಮುದ್ರದ ಕೆಸರಿನಲ್ಲೂ ಸಿಗುತ್ತದೆ, ಕೃಷ್ಣಾ–ಗೋದಾವರಿ ಕಡಲಿಗೆ ಸೇರುವಲ್ಲಿಂದ ಆಚೆ, ಸುಮಾರು ಒಂದು ಕಿಲೋಮೀಟರ್ ನೀರಿನ ಕೆಳಗೆ. ಸಮುದ್ರತಳಕ್ಕೆ ಬಡಿದು ಮರಳಿದ ಅಲೆಗಳ ದಾಖಲೆಯಲ್ಲಿ ಅದರ ಗುರುತು ಹುಡುಕುವವರು ಈ ಎನ್‌ಜಿಆರ್‌ಐನಲ್ಲಿದ್ದಾರೆ.

“ಅಪ್ಪಾ, ಒಳಗೆ ಎಷ್ಟು ಗ್ಯಾಸ್ ಇದೆ ಅಂತ ಹೇಗೆ ಲೆಕ್ಕ ಹಾಕ್ತಾರೆ? ಮೇಲೆ ತಂದ್ರೆ ಕರಗಿ ಹೋಗಲ್ವಾ?” ಅಂದಳು.

ಎಂಟೆಕ್ ಮಾಡಿದ ಅಪ್ಪ ಏನೋ ಒಂದು ಹೇಳಿ ತಪ್ಪಿಸಿಕೊಂಡ. ಮನೆಗೆ ಬಂದು ಎರಡು ವಾರ ಓದಿದ.

ಓದುತ್ತ ನೆನಪಾಗಿದ್ದು ರಾಯಚೂರಿನ ಮೇ ತಿಂಗಳು. ಮದುವೆ ಮನೆಗೆ ಐಸ್ ಫ್ಯಾಕ್ಟರಿಯಿಂದ ಭತ್ತದ ಹೊಟ್ಟು ಮೆತ್ತಿ, ಗೋಣಿತಟ್ಟು ಸುತ್ತಿ ಗಡ್ಡೆ ತರುತ್ತಿದ್ದರು. ಅಂಚೆಲ್ಲ ಗಾಜಿನ ಹಾಗೆ, ನಡುವೆ ಮಾತ್ರ ಹಾಲಿನ ಬಿಳಿ. “ಅದು ಐಸಿನ ಹೊಟ್ಟಿ, ಒಳಗ ಗಾಳಿ ತುಂಬ್ಯಾದ” ಅನ್ನುತ್ತಿದ್ದಳು ಅಜ್ಜಿ. ಶಾಲೆಗೆ ಹೋಗದ ಅಜ್ಜಿ ಹೇಳಿದ್ದು ಸರಿಯಾಗಿಯೇ ಇತ್ತು. ನೀರು ಅಂಚಿನಿಂದ ಹೆಪ್ಪುಗಟ್ಟುತ್ತ ತನ್ನಲ್ಲಿ ಕರಗಿದ್ದ ಗಾಳಿಯನ್ನು ಒಳಗೊಳಗೆ ತಳ್ಳುತ್ತದೆ. ಕೊನೆಗೆ ಅದು ನಡುವೆ ಗುಳ್ಳೆಗಳಾಗಿ ಸಿಕ್ಕಿಬೀಳುತ್ತದೆ.

ಅಂಟಾರ್ಕ್ಟಿಕಾದಲ್ಲಿ ಹಿಮದ ಮೇಲೆ ಹಿಮ ಬಿದ್ದು ಅದುಮಿಕೊಂಡು ಗಾಳಿ ಮುಚ್ಚಿಹೋಗುತ್ತದೆ. ಅಲ್ಲಿಯ ಡೋಮ್ ಸಿ ಎಂಬಲ್ಲಿ ಕೊರೆದ ಮಂಜುಗಡ್ಡೆಯಿಂದ 8 ಲಕ್ಷ ವರ್ಷಗಳ ಗಾಳಿಯನ್ನು ಓದಿದ್ದಾರೆ. ಅದು ಚೊಕ್ಕ ಬರೆದ ಲೆಕ್ಕದ ಪುಸ್ತಕ. ಉತ್ತರದ ನೆಲದ ಮಂಜುಗಡ್ಡೆ ಹಾಗಲ್ಲ. ಚಳಿಗೆ ನೆಲ ಬಿರಿಯುತ್ತದೆ, ಬಿರುಕಿಗೆ ಕರಗಿದ ಹಿಮದ ನೀರು ಇಳಿದು ಹೆಪ್ಪುಗಟ್ಟುತ್ತದೆ, ಮರುವರ್ಷ ಅಲ್ಲೇ ಮತ್ತೆ ಬಿರುಕು. ಸಾವಿರಾರು ವರ್ಷಗಳಲ್ಲಿ ಅದು ನೆಲಕ್ಕೆ ಹೊಡೆದ ದೊಡ್ಡ ಬೆಣೆಯಾಗುತ್ತದೆ. ಅದರೊಳಗೆ ಮಣ್ಣು, ಕೊಳೆತ ಹುಲ್ಲು, ಸೂಕ್ಷ್ಮಜೀವಿಗಳು. ಹಾಗಾಗಿ ಅಲ್ಲಿನ ಗುಳ್ಳೆಯಲ್ಲಿರುವುದು ಬರೀ ಹಳೆಯ ಗಾಳಿಯಲ್ಲ. ಆ ಜೀವಿಗಳು ಅಲ್ಲೇ ಕೂತು ತಯಾರಿಸಿದ ಮೀಥೇನೂ ಇರುತ್ತದೆ.

ಅದನ್ನು ಹೊರತೆಗೆಯಲು ಎರಡು ದಾರಿ. ನಿರ್ವಾತದಲ್ಲಿ ಕರಗಿಸಿದರೆ ಮಣ್ಣಿಗೆ ಅಂಟಿದ್ದ ಗ್ಯಾಸೂ ಬರುತ್ತದೆ, ಆದರೆ ಕಾರ್ಬನ್ ಡೈಆಕ್ಸೈಡ್ ನೀರಿನಲ್ಲಿ ಕರಗಿ ಲೆಕ್ಕ ಕೆಡಿಸುತ್ತದೆ, ಮಲಗಿದ್ದ ಜೀವಿಗಳು ಎದ್ದು ಕೆಲಸ ಶುರುಮಾಡಿದರೆ ಎಂಬ ಅನುಮಾನ ಬೇರೆ. ಅದಕ್ಕೇ ಪಾದರಸದ ವಿಷ ಬೆರೆಸಿಯೂ ಪರೀಕ್ಷಿಸುತ್ತಾರೆ. ಚಳಿಯಲ್ಲೇ ಸೂಜಿಗಳಿಂದ ಕುಟ್ಟಿ ಪುಡಿಮಾಡಿದರೆ ಈ ತಂಟೆಯಿಲ್ಲ, ಆದರೆ ಮಣ್ಣಿನ ಕಣಕ್ಕೆ ಅಂಟಿದ್ದು ಬರುವುದಿಲ್ಲ. ಹಾಗಾಗಿ ಸಂಖ್ಯೆಯ ಜೊತೆಗೆ ಯಾವ ದಾರಿಯಲ್ಲಿ ತೆಗೆದೆವು ಅನ್ನುವುದನ್ನೂ ಬರೆಯಬೇಕು. ಉತ್ತರದ ಆ ನೆಲದಲ್ಲಿರುವ ಇಂಗಾಲ ಸುಮಾರು ಒಂದೂವರೆ ಲಕ್ಷ ಕೋಟಿ ಟನ್, ಈಗ ವಾತಾವರಣದಲ್ಲಿರುವುದರ ಹತ್ತಿರಹತ್ತಿರ ಎರಡರಷ್ಟು. ಅದರಲ್ಲಿ ಎಷ್ಟು ಯಾವಾಗ ಮೇಲೆ ಬರುತ್ತದೆ ಎಂಬ ಅಂದಾಜು ಇಂಥ ಸಣ್ಣಸಣ್ಣ ಅಳತೆಗಳ ಮೇಲೂ ನಿಂತಿದೆ.

ನನ್ನನ್ನು ನಿಜವಾಗಿ ಹಿಡಿದಿದ್ದು ಮಾತ್ರ ನಮ್ಮ ಕಡಲಿನ ಕತೆ. 2006ರಲ್ಲಿ ನಮ್ಮ ರಾಷ್ಟ್ರೀಯ ಗ್ಯಾಸ್ ಹೈಡ್ರೇಟ್ ಕಾರ್ಯಕ್ರಮದ ಮೊದಲ ಯಾತ್ರೆಯಲ್ಲಿ ‘ಜಾಯಿಡೀಸ್ ರೆಸಲ್ಯೂಷನ್’ ಹಡಗು ಕೃಷ್ಣಾ–ಗೋದಾವರಿ ಪ್ರದೇಶದಲ್ಲಿ ಕೊರೆಯಿತು. 10ನೇ ತಾಣದಲ್ಲಿ ಸುಮಾರು 130 ಮೀಟರ್ ದಪ್ಪದ ಹೈಡ್ರೇಟ್ ಪದರ ಸಿಕ್ಕಿತು. ಹೈಡ್ರೇಟಿನಲ್ಲಿ ವಿದ್ಯುತ್ ಸರಾಗ ಹರಿಯದು. ಆ ತಡೆಯನ್ನು ಅಳೆದು ರೂಢಿಯ ಸೂತ್ರಕ್ಕೆ ಹಾಕಿದರೆ, ಕೆಸರಿನ ಕಣಗಳ ನಡುವಿನ ಜಾಗದಲ್ಲಿ ಶೇಕಡಾ 50ಕ್ಕಿಂತ ಹೆಚ್ಚು, ಕೆಲವೆಡೆ 80ರಷ್ಟು ಹೈಡ್ರೇಟೇ ಎಂದು ಬಂತು. ಆದರೆ ಹತ್ತಿರದ ಬಾವಿಗಳಿಂದ ಸಮುದ್ರದಾಳದ ಒತ್ತಡ ಸ್ವಲ್ಪವೂ ಸೋರದಂತೆ ಮುಚ್ಚಿ ಮೇಲೆ ತಂದ ಕೊಳವೆಗಳಿದ್ದವು. ಅವುಗಳಿಂದ ನಿಧಾನವಾಗಿ ಗ್ಯಾಸ್ ಬಿಟ್ಟು ಅಳೆದಾಗ 26ಕ್ಕಿಂತ ಕಡಿಮೆ.

ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆಯ ಲೀ ಮತ್ತು ಕೋಲೆಟ್ 2009ರಲ್ಲಿ ಇದರ ಕಾರಣ ಬಿಡಿಸಿಟ್ಟರು. ಹೈಡ್ರೇಟ್ ಎಲ್ಲ ಕಡೆ ಸಮನಾಗಿ ಹರಡಿರುತ್ತದೆ ಎಂದು ಸೂತ್ರ ನಂಬಿತ್ತು. ಇಲ್ಲಿ ಅದು ಜೇಡಿಯ ಕಡಿದಾದ ಬಿರುಕುಗಳಲ್ಲಿ ಗೋಡೆಗಳ ಹಾಗೆ ನಿಂತಿತ್ತು. ವಿದ್ಯುತ್ತಿಗೆ ಗೋಡೆ ಅಡ್ಡ ಬಂದಷ್ಟೂ ಸೂತ್ರ ಹೈಡ್ರೇಟನ್ನು ಹೆಚ್ಚಿಸುತ್ತಾ ಹೋಯಿತು. ಭಾರತದ ಕಡಲಡಿಯಲ್ಲಿ ಸುಮಾರು 1,900 ಲಕ್ಷ ಕೋಟಿ ಘನಮೀಟರ್ ಗ್ಯಾಸ್ ಇದೆ ಎಂಬ ಅಂದಾಜು ಪತ್ರಿಕೆಗಳಲ್ಲಿ ಓಡಾಡುತ್ತಿರುವಾಗ, 80 ಅಲ್ಲ, ಅದರ ಮೂರನೇ ಒಂದು ಪಾಲು ಎಂದು ಬರೆಯುವುದು ಯಾರಿಗೂ ಸಂತೋಷ ಕೊಡುವ ಸುದ್ದಿಯಾಗಿರಲಿಕ್ಕಿಲ್ಲ.

ನಾನು 80 ಬರೆದವನು. ಕೆಲವು ವರ್ಷಗಳ ಹಿಂದೆ ಒಂದು ಪ್ರಾಜೆಕ್ಟಿನಲ್ಲಿ ಮುಗಿದ ಟಿಕೆಟ್ಟುಗಳನ್ನು ಎಣಿಸಿ ಶೇಕಡಾ 85 ಮುಗಿದಿದೆ ಎಂದು ಹಸಿರು ಬಣ್ಣ ಹಚ್ಚಿ ಕಳಿಸಿದ್ದೆ. ಟೀಮಿನಲ್ಲಿದ್ದ ಸಿಂಧನೂರಿನ ಹುಡುಗ ಕ್ಯಾಬಿನ್ನಿಗೆ ಬಂದು, “ಸರ್, ಹಳೇ ಡೇಟಾ ಮುಟ್ಟೇ ಇಲ್ರಿ ನಾವು. ನಿಜ ನೋಡಿದ್ರ ಮೂವತ್ತು ದಾಟಂಗಿಲ್ಲ” ಅಂದ. ಕ್ಲೈಂಟ್ ಒಪ್ಪಿರುವ ಲೆಕ್ಕವೇ ಇದು ಅಂದೆ. ಸುಳ್ಳೇನೂ ಹೇಳಲಿಲ್ಲ, ಸೂತ್ರ ಹಾಗಿತ್ತು. ಮುಂದಿನ ಮೂರು ತಿಂಗಳು ಆ ಹಳೇ ಡೇಟಾದ ಬಿರುಕಿನಲ್ಲಿ ಇಳಿದವನು ಅವನು. ತಂಗಿಯ ಮದುವೆಗೆ ಅಕ್ಷತೆಯ ಹೊತ್ತಿಗೆ ಬಸ್ಸಿಳಿದು, ಸಂಜೆ ಮದುವೆ ಮನೆಯಲ್ಲೇ ಲ್ಯಾಪ್‌ಟಾಪ್ ತೆರೆದ. ಕಾಲ್‌ನಲ್ಲಿ ಅವನ ಮಾತಿನ ಹಿಂದೆ ವಾಲಗ ಕೇಳುತ್ತಿತ್ತು. ಮ್ಯೂಟ್ ಮಾಡಪ್ಪಾ ಅಂದಿದ್ದೆ.

ಮಗಳು ಚಾರ್ಟಿನಲ್ಲಿ ದೊಡ್ಡದಾಗಿ 80% ಎಂದು ಬರೆದಿದ್ದಳು. ಬಿರುಕುಗಳ ವಿಷಯ ಹೇಳಿದೆ. ಬೇಸರದಿಂದಲೇ ಅಳಿಸಿ ಎರಡೂ ಸಂಖ್ಯೆ ಬರೆದಳು, ಯಾವುದನ್ನು ಹೇಗೆ ಅಳೆದದ್ದೆಂದು ಕೆಳಗೆ ಸಣ್ಣಕ್ಷರದಲ್ಲಿ. ಜೊತೆಗೆ ಸಿಂಧನೂರಿನ ಹುಡುಗನ ಕತೆಯನ್ನೂ ಹೇಳಿಬಿಟ್ಟೆ, ಯಾಕೆಂದು ಗೊತ್ತಿಲ್ಲ.

“ಆ ಅಣ್ಣನಿಗೆ ಆಮೇಲೆ ಹೇಳಿದ್ಯಾ ಅಪ್ಪಾ, ಅವರ ಲೆಕ್ಕಾನೇ ಸರಿ ಇತ್ತು ಅಂತ?”

ಇಲ್ಲ ಅಂದೆ. ಅವಳು ಮತ್ತೇನೂ ಕೇಳದೆ, ನೀಲಿ ಸ್ಕೆಚ್ ಪೆನ್ನಿನಲ್ಲಿ ಬಿರುಕುಗಳಿಗೆ ಬಣ್ಣ ತುಂಬತೊಡಗಿದಳು.