ಸಂಸಾರದ ಕಾರೂ ಗ್ಲೈಡರಿನ ಗಾಡಿಯೂ

ಕಾರು ಕೊಳ್ಳಹೊರಟ ಗೃಹಸ್ಥನು ಸಾಧಾರಣವಾಗಿ ವಿಚಾರಿಸತಕ್ಕ ವಿಷಯಗಳು ನಾಲ್ಕೈದು: ಬೆಲೆಯೆಷ್ಟು, ಎಷ್ಟು ಮಂದಿ ಕುಳಿತುಕೊಳ್ಳಬಹುದು, ಎಣ್ಣೆಯನ್ನು ಎಷ್ಟು ಕುಡಿಯುತ್ತದೆ, ಸಾಮಾನಿಗೆ ಎಡೆಯಿದೆಯೆ, ಮುಂದೆ ಮಾರುವಾಗ ಏನು ಬಂದೀತು. ಇವುಗಳ ಜತೆಗೆ, ಒಂಬತ್ತು ಮೀಟರು ಉದ್ದದ ಗಾಡಿಯೊಂದನ್ನು ಇದು ನೆಮ್ಮದಿಯಾಗಿ ಎಳೆಯಬಲ್ಲುದೆ ಎಂಬ ಪ್ರಶ್ನೆಯೂ ಸೇರಿಕೊಂಡರೆ ವ್ಯವಹಾರವು ಎಷ್ಟು ಜಟಿಲವಾಗುವುದೆಂಬುದನ್ನು ನಾವು ಇಂಗ್ಲೆಂಡಿನಲ್ಲಿ ಮಗನ ಮನೆಯಲ್ಲಿ ಕಳೆದ ಬೇಸಗೆಯಲ್ಲಿ ಕಂಡೆವು. ಆ ವಿಚಾರವನ್ನು ವಾಚಕರ ಮುಂದಿಡುವುದು ಅನುಚಿತವಾಗದೆಂದು ನಂಬಿದ್ದೇವೆ.

ನಮ್ಮ ಮಗನಿರುವುದು ಲಂಡನ್ನಿನ ಉತ್ತರಕ್ಕಿರುವ ಬೆಡ್‌ಫರ್ಡ್‌ಷೈರ್ ಪ್ರಾಂತದಲ್ಲಿ. ಅಲ್ಲಿಯ ಡನ್‌ಸ್ಟೇಬಲ್ ಗುಡ್ಡಗಳ ತಪ್ಪಲಿನಲ್ಲಿ 1930ರಲ್ಲಿ ಹುಟ್ಟಿದ ಗ್ಲೈಡಿಂಗ್ ಕ್ಲಬ್ಬಿದೆ. ಆ ಸೀಮೆಯಲ್ಲಿ ಈ ವಿದ್ಯೆಗೆ ಹಳೆಯ ನೆಲೆಯುಂಟು. ಗ್ಲೈಡರ್ ಎಂದರೆ ಎಂಜಿನ್ನಿಲ್ಲದ ವಿಮಾನ. ನೆಲದ ಮೇಲಿನ ಯಂತ್ರವೊಂದು ಉಕ್ಕಿನ ಹಗ್ಗದಿಂದ ಅದನ್ನೆಳೆದು ಮೇಲಕ್ಕೆ ಚಿಮ್ಮಿಸುತ್ತದೆ; ಇಲ್ಲವೆ ಎಂಜಿನ್ನುಳ್ಳ ಮತ್ತೊಂದು ವಿಮಾನವು ಆಕಾಶದವರೆಗೆ ಎಳೆದುಕೊಂಡು ಹೋಗಿ ಬಿಡುತ್ತದೆ. ಅಲ್ಲಿಂದ ಮುಂದೆ ಬಿಸಿಲಿಗೆ ಕಾದು ಮೇಲೇಳುವ ಗಾಳಿಯೇ ಅದಕ್ಕೆ ಆಧಾರ. ಹದ್ದು ರೆಕ್ಕೆ ಬಡಿಯದೆ ಸುತ್ತು ಸುತ್ತಾಗಿ ಏರುವುದನ್ನು ನಮ್ಮ ವಾಚಕರೆಲ್ಲರೂ ನೋಡಿರುವರಷ್ಟೆ, ಇದೂ ಹಾಗೆಯೇ.

ಗಾಳಿಯ ಆಧಾರವು ತಪ್ಪಿದರೆ ವಿಮಾನವು ಹೊರಟ ಬಯಲಿಗೆ ಹಿಂದಿರುಗದೆ ಎಲ್ಲಿಯೋ ಒಬ್ಬ ರೈತನ ಹೊಲದಲ್ಲಿ ಇಳಿಯಬೇಕಾಗುತ್ತದೆ. ಇದು ಅಪಘಾತವಲ್ಲ, ಈ ವಿದ್ಯೆಯಲ್ಲಿ ನಿರೀಕ್ಷಿತವಾದದ್ದೇ. ಆಗ ಮನೆಯವರೋ ಮಿತ್ರರೋ ಉದ್ದನೆಯ ಮುಚ್ಚುಗಾಡಿಯನ್ನು ಕಾರಿಗೆ ಕಟ್ಟಿಕೊಂಡು ಅಲ್ಲಿಗೆ ಹೋಗಿ, ರೆಕ್ಕೆಗಳನ್ನು ಕಳಚಿ, ಎಲ್ಲವನ್ನೂ ಗಾಡಿಯೊಳಗೆ ಸೇರಿಸಿ ತರಬೇಕು. ಈ ಗಾಡಿಗೆ ಅಲ್ಲಿ ಟ್ರೈಲರ್ ಎನ್ನುತ್ತಾರೆ. ನಮ್ಮ ಮಗನು ಇಬ್ಬರು ಮಿತ್ರರೊಡನೆ ಪಾಲಿನಲ್ಲಿ ಕೊಂಡಿರುವ ಗ್ಲೈಡರಿನ ರೆಕ್ಕೆಯ ಹರವು 15 ಮೀಟರು, ಬರಿಯ ತೂಕ ಸುಮಾರು 250 ಕಿಲೋ. ಟ್ರೈಲರು, ಸಲಕರಣೆ ಎಲ್ಲವೂ ಸೇರಿದರೆ 900 ಕಿಲೋ.

ಕಾರನ್ನು ಆರಿಸುವ ಮಾತು ಮೊದಲಾದಾಗ ಮಗನು ತನ್ನ ಮನಸ್ಸಿಗೆ ಬಂದ ಕಾರುಗಳ ಹೆಸರನ್ನೆಲ್ಲ ಹೇಳಿದನು. ಸೊಸೆಯು ಎಲ್ಲವನ್ನೂ ಕೇಳಿ, “ಮಾವ, ಇವರು ಮೇಲೆ ಹಾರುತ್ತಾರೆ, ಸರಿ. ಸಂಜೆ ಇಬ್ಬರು ಮಕ್ಕಳನ್ನೂ ಹಿಂದೆ ಕೂರಿಸಿಕೊಂಡು ಆ ಗಾಡಿಯನ್ನೆಳೆದುಕೊಂಡು ಇವರನ್ನು ಹುಡುಕಿಕೊಂಡು ಹೋಗುವವಳು ನಾನು. ಕಾರು ನನ್ನ ಕೈಗೆ ಬಗ್ಗಬೇಕು” ಎಂದಳು. ಆಕೆಯ ಈ ಮಾತಿನಿಂದ ವಿಚಾರದ ದಿಕ್ಕೇ ಬದಲಾಯಿತು. ವಿಷಯವು ವಿನೋದದ್ದಲ್ಲ; ಒಬ್ಬ ತಾಯಿಯ ಮತ್ತು ಎರಡು ಶಿಶುಗಳ ಕ್ಷೇಮದ್ದು. ನಮ್ಮ ಮನೆಯವರು ಮತ್ತೊಂದನ್ನು ಸೇರಿಸಿದರು: “ಮನೆ ಕೊಳ್ಳುವುದಕ್ಕೆಂದು ಕೂಡಿಟ್ಟ ಹಣವನ್ನು ಈ ಕಾರು ನುಂಗಕೂಡದು.”

ತರ್ಕಶಾಸ್ತ್ರದಲ್ಲಿ ಲಕ್ಷಣಕ್ಕೆ ಮೂರು ದೋಷಗಳನ್ನು ಹೇಳಿದೆ: ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ. ಬೇಕಾದ ಕಡೆಗೆ ಮುಟ್ಟದಿರುವುದು ಮೊದಲನೆಯದು. ಬೇಡದ ಕಡೆಗೂ ಹರಡುವುದು ಎರಡನೆಯದು. ಎಲ್ಲಿಯೂ ಹೊಂದದಿರುವುದು ಮೂರನೆಯದು. ಶಾಸ್ತ್ರದ ಮಾತನ್ನು ಕೊಂಚ ಸಡಿಲಿಸಿ ಬಳಸಿದರೆ, ಮಗನ ಪಟ್ಟಿಯಲ್ಲಿದ್ದ ಕಾರುಗಳಲ್ಲಿ ಈ ಮೂರೂ ದೋಷಗಳು ಕಂಡುಬಂದವು.

ಅಸಂಭವವನ್ನು ಮೊದಲು ನೋಡೋಣ. ಪಟ್ಟಿಯಲ್ಲಿ ವಿದ್ಯುತ್ತಿನಿಂದ ಓಡುವ ಚಿಕ್ಕ ಕಾರೊಂದಿತ್ತು. ಅದನ್ನು ತಯಾರಿಸಿದವರು ಏನನ್ನೂ ಎಳೆಯುವುದಕ್ಕೆ ಅನುಮತಿಯನ್ನೇ ಕೊಟ್ಟಿರಲಿಲ್ಲ. ಎಳೆಯುವ ಅನುಮತಿಯುಳ್ಳ ವಿದ್ಯುತ್ಕಾರುಗಳೂ ಈಗ ಹಲವಿವೆ. ಗ್ಲೈಡರಿನ ಟ್ರೈಲರು ತಗ್ಗಾಗಿಯೂ ಸಪೂರವಾಗಿಯೂ ಇರುವುದರಿಂದ ಮನೆಯಂತಹ ಕ್ಯಾರವಾನಿನಷ್ಟು ಗಾಳಿಗೆ ಅಡ್ಡವಾಗುವುದೂ ಇಲ್ಲ. ಆದರೂ ಭಾರವನ್ನೆಳೆಯುವಾಗ ಒಂದು ಸಲದ ವಿದ್ಯುತ್ತಿಗೆ ಕಾರು ಹೋಗುವ ದೂರವು ಕಡಮೆಯಾಗುವುದು ನಿಶ್ಚಯ. ವಿದ್ಯುತ್ತು ತುಂಬುವ ಅನೇಕ ಕಟ್ಟೆಗಳಲ್ಲಿ ಟ್ರೈಲರನ್ನು ಬಿಚ್ಚಿಟ್ಟಲ್ಲದೆ ಕಾರು ನಿಲ್ಲಿಸಲು ಎಡೆಯಿಲ್ಲ. ಕತ್ತಲೆಯಲ್ಲಿ ಮಕ್ಕಳೊಡನೆ ಹೋಗುವವಳಿಗೆ ಇದು ಸಲ್ಲದೆಂದು ಅದನ್ನು ಬಿಟ್ಟೆವು.

ಅವ್ಯಾಪ್ತಿಗೆ ಉದಾಹರಣೆ ಮನೆಯಲ್ಲಿಯೇ ಇದ್ದ ಹಳೆಯ ಕಾರು. ಅದರ ಬರಿಯ ತೂಕ ಒಂದು ಸಾವಿರ ಕಿಲೋ. ಎಳೆಯುವುದರಲ್ಲಿ ಹೊಸಬರಾದವರು ಕಾರಿನ ತೂಕದಲ್ಲಿ ಶೇಕಡ 85ಕ್ಕಿಂತ ಹೆಚ್ಚಿನ ಭಾರವನ್ನು ಎಳೆಯದಿರುವುದು ಲೇಸೆಂದು ಆ ದೇಶದ ಕ್ಯಾರವಾನ್ ಸಂಘದವರು ಬುದ್ಧಿ ಹೇಳುತ್ತಾರೆ. ಇದು ಕಾನೂನಲ್ಲ, ಅನುಭವದ ಮಾತು. ಸಾವಿರಕ್ಕೆ ಶೇಕಡ 85 ಎಂದರೆ 850. ನಮ್ಮ ಗಾಡಿಯದು 900. ಕಾನೂನಿನ ಮಾತು ಬೇರೆಯುಂಟು. ಅದನ್ನು ಕಾರಿಗೆ ಅಂಟಿಸಿರುವ ಸಣ್ಣ ತಗಡಿನ ಮೇಲೆ ಓದಬೇಕು. ತಗಡಿನಲ್ಲಿ ನಾಲ್ಕು ಸಂಖ್ಯೆಗಳಿರುತ್ತವೆ. ಮೊದಲನೆಯದು ಕಾರಿಗೆ ಜನ, ಸಾಮಾನು ತುಂಬಿದಾಗ ಇರಬಹುದಾದ ಪರಮಾವಧಿ ತೂಕ. ಎರಡನೆಯದು ಕಾರು, ಟ್ರೈಲರು ಎರಡೂ ಸೇರಿ ಇರಬಹುದಾದ ತೂಕ. ಉಳಿದೆರಡು ಮುಂದಿನ, ಹಿಂದಿನ ಅಚ್ಚುಗಳಿಗೆ ಸಂಬಂಧಪಟ್ಟವು. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ, ಕಾರು ತುಂಬಿರುವಾಗ ಎಷ್ಟು ಎಳೆಯಬಹುದೆಂಬುದು ತಿಳಿಯುತ್ತದೆ. ಹಳೆಯ ಕಾರಿನಲ್ಲಿ 1,950ರಿಂದ 1,450 ಕಳೆದು ಉಳಿದದ್ದು 500. ಪ್ರಾಥಮಿಕ ಶಾಲೆಯ ವ್ಯವಕಲನದಿಂದಲೇ ಆ ಕಾರಿನ ವಿಷಯ ಇತ್ಯರ್ಥವಾಯಿತು.

ಅತಿವ್ಯಾಪ್ತಿಯು ಮಗನಿಗೆ ಅತ್ಯಂತ ಪ್ರಿಯವಾಗಿತ್ತು. ನಾಲ್ಕು ಚಕ್ರಗಳಿಗೂ ಬಲವುಳ್ಳ, ಎರಡು ಟನ್ನಿಗೆ ಮೀರಿದ ಮಹಾಕಾಯ ಅದು. ಮೂರೂವರೆ ಟನ್ನನ್ನು ಎಳೆಯಬಲ್ಲುದು. 900 ಕಿಲೋ ಗಾಡಿಗೆ ಅಷ್ಟು ಬಲವೇಕೆ? ಒದ್ದೆ ಹುಲ್ಲಿನ ಹೊಲದಿಂದ ಗಾಡಿಯನ್ನು ಹೊರಕ್ಕೆ ತರುವಾಗ ಮುಂದಿನ ಎರಡು ಚಕ್ರಗಳಿಗೆ ಮಾತ್ರ ಬಲವಿರುವ ಕಾರು ಜಾರುವುದೆಂಬ ಅವನ ವಾದವು ನಿಜವೇ. ಆದರೆ ಅಂತಹ ಸಂದರ್ಭವು ವರ್ಷಕ್ಕೆ ಎರಡೋ ಮೂರೋ ಸಲ. ಪಾಲುಗಾರ ಮಿತ್ರರಲ್ಲೊಬ್ಬರಿಗೆ ಅಂತಹ ಕಾರಿದೆ. ಮೂರು ದಿನದ ಕೆಸರಿಗಾಗಿ ಉಳಿದ ದಿನಗಳೆಲ್ಲ ಎಣ್ಣೆಯ ವೆಚ್ಚವನ್ನೂ ವಿಮೆಯನ್ನೂ ಹೊರುವುದು ಸಂಸಾರಿಗೆ ತರವಲ್ಲ.

ಇನ್ನು ಸಮತೋಲದ ವಿಷಯ. ನಮ್ಮ ಕಡೆಯ ಎತ್ತಿನ ಗಾಡಿಯವನು ಮೂಟೆಗಳನ್ನು ಹೇರಿದ ಮೇಲೆ ಮೂಕಿಯನ್ನು ಎತ್ತಿ ನೋಡುತ್ತಾನೆ. ಮುಂಭಾರ ಹೆಚ್ಚಾದರೆ ಎತ್ತಿನ ಕುತ್ತಿಗೆ ನೋಯುತ್ತದೆ. ಹಿಂಭಾರವಾದರೆ ನೊಗ ಮೇಲಕ್ಕೇಳುತ್ತದೆ. ಟ್ರೈಲರಿಗೂ ಇದೇ ನ್ಯಾಯ. ಅದರ ಮೂತಿಯು ಕಾರಿನ ಹಿಂದಿನ ಗುಂಡಿನ ಮೇಲೆ ಕೂರುವಾಗ ಗಾಡಿಯ ತೂಕದಲ್ಲಿ ಶೇಕಡ ಐದರಿಂದ ಏಳರಷ್ಟು, ಎಂದರೆ ನಮ್ಮ ಗಾಡಿಗೆ 45ರಿಂದ 63 ಕಿಲೋ, ಕೆಳಕ್ಕೆ ಒತ್ತಬೇಕು. ಕಡಮೆಯಾದರೆ ವೇಗದಲ್ಲಿ ಗಾಡಿಯು ಹಾವಿನಂತೆ ಅತ್ತಿತ್ತ ಬಳುಕತೊಡಗಿ ಕಾರನ್ನೇ ಅಲ್ಲಾಡಿಸುತ್ತದೆ. ಉದ್ದವಾದ ಗಾಡಿಯಲ್ಲಿ ಇದು ಭಯಂಕರವಾದೀತು. ಆಗ ತಿರುಗುಚಕ್ರವನ್ನು ನೆಟ್ಟಗೆ ಹಿಡಿದು, ಎಣ್ಣೆಯ ಪೆಡಲಿನಿಂದ ಕಾಲನ್ನು ಮೆಲ್ಲಗೆ ತೆಗೆಯಬೇಕೇ ಹೊರತು ಗಾಬರಿಯಿಂದ ಬ್ರೇಕನ್ನು ತುಳಿಯಕೂಡದು. ಮುಂದಿನ ಹಿಂದಿನ ಚಕ್ರಗಳ ನಡುವಣ ಅಂತರ ಹೆಚ್ಚಾಗಿಯೂ, ಹಿಂದಿನ ಅಚ್ಚಿನಿಂದ ಆಚೆ ಚಾಚಿದ ಭಾಗ ಕಡಮೆಯಾಗಿಯೂ ಇರುವ ಕಾರು ಇಂತಹ ಬಳುಕಿಗೆ ಸುಲಭವಾಗಿ ಸೋಲುವುದಿಲ್ಲ. ಗಿಡ್ಡ ಕಾರಿಗಿಂತ ನೀಳವಾದ ಕಾರನ್ನು ನಾವು ಬಯಸಿದ್ದು ಈ ಕಾರಣದಿಂದ.

ಕಡೆಗೆ ನಿಶ್ಚಯವಾದದ್ದು ಐದು ವರ್ಷ ಓಡಿದ, ಹಿಂಭಾಗ ನೀಳವಾದ, ಅಲ್ಲಿಯವರು ಎಸ್ಟೇಟ್ ಎಂದು ಕರೆಯುವ ಒಂದು ಡೀಸೆಲ್ ಕಾರು. ಬರಿಯ ತೂಕ 1,550 ಕಿಲೋ. ನಮ್ಮ ಗಾಡಿ ಅದರಲ್ಲಿ ಶೇಕಡ 58 ಮಾತ್ರ. ತಗಡಿನ ಲೆಕ್ಕದಲ್ಲಿ 3,600ರಿಂದ 2,100 ಕಳೆದು 1,500 ಉಳಿಯಿತು. ಗುಂಡಿನ ಮೇಲೆ 80 ಕಿಲೋವರೆಗೆ ಒತ್ತಬಹುದು. ಡೀಸೆಲ್ ಎಂಜಿನ್ನು ಮಂದಗತಿಯಲ್ಲಿಯೂ ಬಲವಾಗಿ ಎಳೆಯುವುದರಿಂದ ಏರಿನಲ್ಲಿ ನಿಂತು ಹೊರಡುವುದು ಸುಲಭ. ಲಂಡನ್ನಿನಲ್ಲಿ ಬಂಧುಗಳಿರುವುದರಿಂದ ಇನ್ನೊಂದನ್ನೂ ನೋಡಬೇಕಾಯಿತು: 2023ರ ಆಗಸ್ಟ್ 29ರಿಂದ ಆ ನಗರದ ಎಲ್ಲ ಭಾಗಗಳಿಗೂ ಹೊಗೆಯ ನಿಯಮವು ವಿಸ್ತರಿಸಿದ್ದು, ಯೂರೋ 6 ಎಂಬ ದರ್ಜೆಗೆ ಸೇರದ ಡೀಸೆಲ್ ಕಾರಿಗೆ ದಿನಕ್ಕೆ ಹನ್ನೆರಡೂವರೆ ಪೌಂಡು ತೆರಬೇಕು. ಈ ಕಾರು ಆ ದರ್ಜೆಯದು. ಹಿಂದಿನ ಆಸನದಲ್ಲಿ ಮಕ್ಕಳ ಎರಡು ಪೀಠಗಳನ್ನು ಬಿಗಿದ ಮೇಲೂ ನಡುವೆ ನಮ್ಮ ಮನೆಯವರು ಕುಳಿತುಕೊಳ್ಳಬಹುದಾಗಿತ್ತು. ಅವರು ಕುಳಿತೇ ನೋಡಿ ಒಪ್ಪಿಗೆ ಕೊಟ್ಟರು. ಬೆಲೆಯು ಮಹಾಕಾಯದ ಬೆಲೆಯಲ್ಲಿ ಅರ್ಧಕ್ಕೂ ಕಡಮೆ.

ಆ ದೇಶದಲ್ಲಿ 1997ರ ಜನವರಿ 1ರಿಂದೀಚೆಗೆ ಲೈಸೆನ್ಸು ಪಡೆದವರಿಗೆ ಎಳೆಯುವ ಭಾರದ ಮೇಲೆ ಬಿಗಿಯಾದ ಮಿತಿಯಿತ್ತು. 2021ರ ಡಿಸೆಂಬರ್ 16ರಿಂದ ಅದು ಸಡಿಲಾಗಿ, ಕಾರಿನ ಲೈಸೆನ್ಸಿನಲ್ಲಿಯೇ 3,500 ಕಿಲೋವರೆಗಿನ ಟ್ರೈಲರನ್ನು ಎಳೆಯಬಹುದು. ಆದರೆ ಅಪ್ಪಣೆ ಬೇರೆ, ಅಭ್ಯಾಸ ಬೇರೆ. ಸೊಸೆಯು ನಾಲ್ಕು ಭಾನುವಾರ ಖಾಲಿ ಬಯಲಿನಲ್ಲಿ ಟ್ರೈಲರನ್ನು ಹಿಂದಕ್ಕೆ ನಡೆಸುವುದನ್ನು ಕಲಿತಳು. ಗಾಡಿ ಎಡಕ್ಕೆ ಹೋಗಬೇಕಾದರೆ ತಿರುಗುಚಕ್ರವನ್ನು ಮೊದಲು ಬಲಕ್ಕೆ ತಿರುಗಿಸಬೇಕು. ವ್ಯಾಕರಣದ ಅಪವಾದಸೂತ್ರದಂತೆ ಅದು ಅಭ್ಯಾಸದಿಂದಲೇ ಬರತಕ್ಕದ್ದು. ಟ್ರೈಲರನ್ನೆಳೆಯುವ ಕಾರಿಗೆ ದೊಡ್ಡ ರಸ್ತೆಯಲ್ಲಿ ಗಂಟೆಗೆ 60 ಮೈಲಿಯೂ ಇಕ್ಕಟ್ಟಿನ ರಸ್ತೆಯಲ್ಲಿ 50 ಮೈಲಿಯೂ ಮಿತಿ. ಆಕೆ ಅದಕ್ಕೂ ಐದು ಮೈಲಿ ಕಡಮೆಯಲ್ಲಿಯೇ ನಡೆಸುತ್ತಾಳೆ.

ಗ್ಲೈಡರಿನ ವಿದ್ಯೆ ನಮ್ಮ ನಾಡಿಗೂ ಹೊಸದಲ್ಲ. 1940ರ ದಶಕದಲ್ಲಿಯೇ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ವಿ. ಎಂ. ಘಾಟಗೆಯವರು ಒಂದು ಗ್ಲೈಡರನ್ನು ರಚಿಸಿದ್ದರು. ಹಾರುವವರ ಸಾಹಸವನ್ನು ಲೋಕವು ಹೊಗಳುತ್ತದೆ, ಹೊಗಳಲಿ. ಆದರೆ ಮನೆಗೆ ತರುವ ವಸ್ತುವನ್ನು ಆರಿಸುವಾಗ, ಅದರಿಂದ ಸಂತೋಷಪಡುವವರು ಯಾರೆಂದು ಕೇಳಿದರೆ ಸಾಲದು. ಅದರ ಶ್ರಮವನ್ನು ಹೊರುವವರು ಯಾರೆಂದೂ ಕೇಳಬೇಕು. ಈಗ ನಮ್ಮ ಮಗನು ಹೊಲದಲ್ಲಿ ಇಳಿದಾಗ ಮೊದಲು ಮಾಡುವ ಕೆಲಸ ಮನೆಗೆ ಫೋನು ಮಾಡಿ, “ಇವತ್ತು ನಿನಗೆ ಬರಲು ಅನುಕೂಲವೆ?” ಎಂದು ಕೇಳುವುದು. ಅನುಕೂಲವಿಲ್ಲವೆಂದರೆ ಮಿತ್ರರು ಹೊರಡುತ್ತಾರೆ.