ಸೊಂಟದ ಗೊಂಚಲು, ತಲೆಯ ಗುಟ್ಟು

ನಮ್ಮಜ್ಜಿಯ ಕಾಲದಲ್ಲಿ ಯಜಮಾನಿಕೆಗೂ ಸದ್ದಿತ್ತು. ಅವರ ಸೊಂಟದ ಬೀಗದ ಕೈ ಗೊಂಚಲು ಝಣ್ ಎಂದರೆ ಸಾಕು, ಉಗ್ರಾಣದಲ್ಲಿ ಬೆಲ್ಲಕ್ಕೆ ಕೈಹಾಕಿದ್ದ ನಾವೆಲ್ಲ ಹಿತ್ತಲಿಗೆ ಪರಾರಿ. ಒಂದು ದಿನ ಆ ಗೊಂಚಲು ಅಮ್ಮನ ಸೊಂಟಕ್ಕೆ ಬಂತು. ಇನ್ನು ಮನೆ ಯಾರದ್ದೆಂದು ಕೇರಿಗೆಲ್ಲ ತಿಳಿಯಿತು. ವಕೀಲರು ಬೇಕಾಗಲಿಲ್ಲ, ಓಟಿಪಿಯೂ ಬರಲಿಲ್ಲ.

ಈಗ ಗೊಂಚಲು ತಲೆಯೊಳಗೆ ಸೇರಿಕೊಂಡಿದೆ. ಬ್ಯಾಂಕಿಗೊಂದು, ವಿಮೆಗೊಂದು, ಷೇರಿಗೊಂದು, ಕರೆಂಟ್ ಬಿಲ್ಲಿಗೂ ಒಂದು ಪಾಸ್‌ವರ್ಡ್. ಮರೆತು ಹೊಸದನ್ನು ಕೊಡಹೋದರೆ ‘ಇದು ನಿಮ್ಮ ಹಳೆಯದೇ’ ಎನ್ನುತ್ತದೆ ಯಂತ್ರ. ಅದಕ್ಕೆ ಎಲ್ಲವೂ ನೆನಪಿದೆ. ಬಾಯಿ ಬಿಡುವುದಿಲ್ಲ, ಅಷ್ಟೆ.

ನಮ್ಮ ಭಾವ ಇದಕ್ಕೊಂದು ಉಪಾಯ ಹೂಡಿದರು. ಎಟಿಎಂ ಪಿನ್ನನ್ನು ಡೈರಿಯಲ್ಲಿ ‘ಇಸ್ತ್ರಿಯವನ ಬಾಕಿ’ ಎಂದು ಬರೆದಿಟ್ಟರು. ಅಕ್ಕನ ಕಣ್ಣಿಗೆ ಅದು ಬಿತ್ತು. “ಏನ್ರೀ, ಇಸ್ತ್ರಿಯವನಿಗೆ ಎಂಟು ಸಾವಿರದ ಚಿಲ್ಲರೆಯೇ?” ಎಂದು ಗೊಣಗುತ್ತಾ ಲೆಕ್ಕ ತಿದ್ದಿಬಿಟ್ಟಳು. ಭಾವ ಎಟಿಎಂ ಮುಂದೆ ನಿಂತು ತಿದ್ದಿದ ಬಾಕಿಯನ್ನೇ ಮತ್ತೆ ಮತ್ತೆ ಒತ್ತಿದರು. ಕಾರ್ಡು ಮೂರ್ಛೆ ಹೋಯಿತು.

ಚಿಕ್ಕಪ್ಪನದು ನಗುವ ಕತೆಯಲ್ಲ. ಅವರು ಹೋದ ಮೇಲೂ ಬ್ಯಾಂಕು ಅವರ ಮೊಬೈಲಿಗೆ ಹುಟ್ಟುಹಬ್ಬದ ಶುಭಾಶಯ ಕಳಿಸಿತು. ಚಿಕ್ಕಮ್ಮನಿಗೆ ದುಡ್ಡಿನ ಚಿಂತೆಯಿರಲಿಲ್ಲ. ಸಂಜೆ ಹೊತ್ತು ಚಿಕ್ಕಪ್ಪ ಹಾಡುತ್ತಿದ್ದ ದೇವರನಾಮಗಳು ಆ ಮೊಬೈಲಿನಲ್ಲಿದ್ದವು. “ಅವರ ದನಿ ಇದರೊಳಗೇ ಇದೆ ಕಣೋ” ಎನ್ನುತ್ತಾರೆ. ತೆರೆಯುವ ಬೆರಳು ಮಾತ್ರ ಇಲ್ಲ.

ಇದಕ್ಕೂ ದಾರಿಗಳಿವೆ. ಗೂಗಲ್ ಖಾತೆ 3ರಿಂದ 18 ತಿಂಗಳು ಸುಮ್ಮನಿದ್ದರೆ ಅದರಲ್ಲಿರುವುದನ್ನು ಯಾರಿಗೆ ತಲುಪಿಸಬೇಕೆಂದು ನಾವೇ ಮೊದಲೇ ಹೇಳಿಡಬಹುದು. ಆಪಲ್‌ನಲ್ಲೂ ಅಂಥ ಏರ್ಪಾಡಿದೆ. ಬ್ಯಾಂಕಿನ ರೀತಿ ಬೇರೆ. ಖಾತೆದಾರರು ತೀರಿಕೊಂಡ ಮೇಲೆ ಅವರ ಪಾಸ್‌ವರ್ಡ್ ಹಾಕಿ ದುಡ್ಡು ತೆಗೆಯುವುದು ಸಲ್ಲದು. ನಾಮಿನಿಯಾದವರು ಮರಣ ಪ್ರಮಾಣಪತ್ರ ಹಿಡಿದು ಬ್ಯಾಂಕಿಗೇ ಹೋಗಬೇಕು. 2025ರ ನವೆಂಬರಿನಿಂದ ಒಂದು ಖಾತೆಗೆ ನಾಲ್ವರವರೆಗೂ ನಾಮಿನಿಗಳನ್ನು ಹೆಸರಿಸಬಹುದು. ಆದರೆ ನಾಮಿನಿ ಎಂದರೆ ದುಡ್ಡು ಪಡೆದುಕೊಳ್ಳುವವರು. ಅದು ಕೊನೆಗೆ ಸೇರಬೇಕಾದದ್ದು ವಾರಸುದಾರರಿಗೆ. ಅವರ ನಡುವೆ ಜಗಳ ತಪ್ಪಿಸಲು ಉಯಿಲು ಬೇಕು. ಅದಕ್ಕೆ ಛಾಪಾ ಕಾಗದ ಬೇಡ, ನೋಂದಣಿಯೂ ಕಡ್ಡಾಯವಲ್ಲ. ಬಿಳಿ ಹಾಳೆಯಲ್ಲಿ ಬರೆದು, ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಿ, ಅವರ ಸಹಿಯನ್ನೂ ಪಡೆದರೆ ಆಯಿತು.

ಖಾತೆ ಇದೆಯೆಂದೇ ಮನೆಯವರಿಗೆ ಗೊತ್ತಿಲ್ಲದಿದ್ದರೆ ಇವೆಲ್ಲ ದಂಡ. 10 ವರ್ಷ ಯಾರೂ ಕೇಳದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಆಮೇಲೂ ವಾರಸುದಾರರು ಕೇಳಿ ಪಡೆಯಬಹುದು. ಹುಡುಕಲೆಂದು 2023ರಲ್ಲಿ ‘ಉದ್ಗಮ್’ ಎಂಬ ಜಾಲತಾಣವೂ ಬಂದಿದೆ. ಆದರೆ ಅಪ್ಪನ ದುಡ್ಡನ್ನು ಮಕ್ಕಳು ಕಂಪ್ಯೂಟರಿನಲ್ಲಿ ತಡಕಾಡುವ ಗತಿ ಯಾಕೆ?

ಅಜ್ಜಿಯೂ ಗುಟ್ಟು ಬಲ್ಲವರೇ. ಆದರೆ ಅವರು ಬಚ್ಚಿಟ್ಟದ್ದು ಕಳ್ಳರಿಂದ. ನಾವು ಮನೆಯವರಿಂದಲೇ ಬಚ್ಚಿಡುತ್ತಿದ್ದೇವೆ. ಪಾಸ್‌ವರ್ಡ್ ನಿಮ್ಮಲ್ಲೇ ಇರಲಿ. ಯಾವ ಬ್ಯಾಂಕು, ಯಾವ ವಿಮೆ, ಯಾರು ನಾಮಿನಿ, ಉಯಿಲು ಎಲ್ಲಿದೆ ಎಂದು ಒಂದು ಹಾಳೆಯಲ್ಲಿ ಬರೆದಿಡಿ. ಆ ಹಾಳೆ ಎಲ್ಲಿದೆಯೆಂದು ಒಬ್ಬರಿಗಾದರೂ ಇವತ್ತೇ ಹೇಳಿ.