ಉಪ್ಪು ತಣ್ಣಿಯ ನೊರೆ

ನಮ್ಮ ಹಿತ್ತಿಲಲ್ಲಿ ಎರಡು ನಲ್ಲಿಗಳಿವೆ. ಒಂದರಲ್ಲಿ ‘ನಲ್ಲ ತಣ್ಣಿ’, ಇನ್ನೊಂದರಲ್ಲಿ ‘ಉಪ್ಪು ತಣ್ಣಿ’. ಕೊಯಮತ್ತೂರಿನಲ್ಲಿ ಸಂಸಾರ ಹೂಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೊದಲನೆಯದು ಘಟ್ಟದ ಸಿರುವಾಣಿಯಿಂದ ಬರುವ ನೀರು. ಅದರ ಸಿಹಿಯನ್ನು ಹೊಗಳಲು ಈ ಊರಿನವರು ಕೂತರೆ ಕೈಯಲ್ಲಿನ ಕಾಫಿ ಆರಿಹೋಗುತ್ತದೆ. ಎರಡನೆಯದು ಬೋರ್‌ವೆಲ್ಲಿನದು. ಸಿರುವಾಣಿ ನೆಂಟ, ಬಂದ ದಿನ ಬಂದ. ಬೋರ್‌ವೆಲ್ ಮನೆಯಳಿಯ, ಯಾವಾಗಲೂ ಇದ್ದೇ ಇರುತ್ತಾನೆ, ಯಾರಿಗೂ ರುಚಿಸುವುದಿಲ್ಲ.

ಈ ಉಪ್ಪು ತಣ್ಣಿಯಲ್ಲಿ ಸೋಪು ಉಜ್ಜಿದರೆ ನೊರೆ ಏಳುವ ಬದಲು ಹಾಲು ಒಡೆದ ಹಾಗೆ ಬಿಳಿ ತರಿ ತೇಲುತ್ತದೆ. ಬಕೆಟ್ಟಿನ ಒಳಗೆ ಸುತ್ತಲೂ ಬೂದು ಬಣ್ಣದ ಬಳೆ. ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪನ್ನು ಹಿಡಿದು ಕರಗದ ಜಿಡ್ಡು ಮಾಡಿಬಿಡುತ್ತವೆ. ಅವುಗಳ ಹೊಟ್ಟೆ ತುಂಬಿದ ಮೇಲೆ ನೊರೆಯ ಸರದಿ. ನಾನು ಸೋಪು ಮಾಡಲು ಹೊರಟಿದ್ದು ಆ ಬೂದು ಬಳೆಯ ಮೇಲಿನ ಸಿಟ್ಟಿನಿಂದ. ತೆಂಗಿನೆಣ್ಣೆಯ ಸೋಪು ಸಮುದ್ರದ ನೀರಿನಲ್ಲೂ ನೊರೆ ಬಿಡುತ್ತದೆ, ಹಡಗಿನವರು ಸ್ನಾನಕ್ಕೆ ಅದನ್ನೇ ಒಯ್ಯುತ್ತಿದ್ದರು ಎಂದು ಓದಿದ್ದೆ. ಸಮುದ್ರಕ್ಕೆ ಹೆದರದ್ದು ನಮ್ಮ ಬೋರ್‌ವೆಲ್ಲಿಗೆ ಹೆದರೀತೆ?

ನಾನು ಕೊಳ್ಳೇಗಾಲದವಳು. 1956ರ ನವೆಂಬರ್ 1ರವರೆಗೆ ನಮ್ಮ ತಾಲ್ಲೂಕು ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ಅಜ್ಜನ ಬಾಯಲ್ಲಿ ಕಲೆಕ್ಟರ್ ಕಚೇರಿ ಎಂದರೆ ಕೊನೆಯವರೆಗೂ ಕೊಯಮತ್ತೂರೇ. ನನ್ನನ್ನು ಇಲ್ಲಿಗೆ ಕೊಟ್ಟಾಗ ‘ದೂರ ಏನಲ್ಲ ಬಿಡು, ನಮ್ಮ ಹಳೇ ಜಿಲ್ಲೆ’ ಎಂದು ಸಮಾಧಾನ ಹೇಳಿದವರೇ ಹೆಚ್ಚು. ಎರಡು ಕಡೆಯೂ ಮಗ್ಗದ ದೇವಾಂಗರು, ಎರಡು ಕಡೆಯೂ ಚೌಡೇಶ್ವರಿ, ಎರಡು ಕಡೆಯೂ ಕನ್ನಡ. ಇಲ್ಲಿಯ ಕನ್ನಡ ಮಾತ್ರ ಮನೆ ಬಿಟ್ಟು ಹೊರಗೆ ಹೋಗುವುದಿಲ್ಲ. ಅಡುಗೆಮನೆಯಲ್ಲಿ ಕನ್ನಡದಲ್ಲಿ ಜಗಳವಾಡಿ, ದಿನಸಿ ಚೀಟಿಯನ್ನು ತಮಿಳಿನಲ್ಲಿ ಬರೆಯುತ್ತಾರೆ.

ಮದುವೆಯ ಟ್ರಂಕಿನಲ್ಲಿ ಅಮ್ಮ ಮೈಸೂರು ಸ್ಯಾಂಡಲ್ ಸೋಪಿನ ಪೆಟ್ಟಿಗೆ ಇಟ್ಟಿದ್ದಳು. ಮೊದಲ ಮಹಾಯುದ್ಧದಿಂದಾಗಿ ಯೂರೋಪಿಗೆ ಹೋಗಬೇಕಿದ್ದ ಗಂಧದ ಮರ ಮೈಸೂರಿನಲ್ಲೇ ಉಳಿದು, 1916ರಲ್ಲಿ ಗಂಧದೆಣ್ಣೆಯ ಕಾರ್ಖಾನೆ ಶುರುವಾಗಿ, ಅದರ ಬೆನ್ನಿಗೇ ಹುಟ್ಟಿದ ಸೋಪು ಅದು. ಅದಕ್ಕಾಗಿ ವಿದ್ಯೆ ಕಲಿಯಲು ಇಂಗ್ಲೆಂಡಿಗೆ ಹೋಗಿ ಬಂದ ಎಸ್.ಜಿ. ಶಾಸ್ತ್ರಿಗಳಿಗೆ ‘ಸೋಪ್ ಶಾಸ್ತ್ರಿ’ ಎಂದೇ ಹೆಸರು ಬಿದ್ದಿತ್ತು. ನಮ್ಮಮ್ಮ ಕೊಟ್ಟ ಪೆಟ್ಟಿಗೆಯ ಮೂರು ಬಿಲ್ಲೆಗಳಲ್ಲಿ ಒಂದೂ ನೀರು ಕಾಣಲಿಲ್ಲ. ಬೀರುವಿನಲ್ಲಿ ಸೀರೆಗಳ ನಡುವೆ ಕೂತು ವಾಸನೆ ಕೊಡುತ್ತ ಮುದಿಯಾದವು. ಈ ಮಾತನ್ನು ನೆನಪಿಟ್ಟುಕೊಂಡಿರಿ, ಮುಂದೆ ಬೇಕಾಗುತ್ತದೆ.

ಎಣ್ಣೆಗೆ ನಾನು ಹೋಗುವುದು ಕಾಂಗೇಯಕ್ಕೆ. ಹೊರಗಿನವರಿಗೆ ಕಾಂಗೇಯಂ ಎಂದರೆ ಎತ್ತು, ನನಗೆ ಕೊಬ್ಬರಿ. ಪಲ್ಲಡಂ ದಾಟಿ ಬಸ್ಸು ಊರು ಮುಟ್ಟುವ ಮೊದಲೇ ಕಿಟಕಿಯಿಂದ ಆ ವಾಸನೆ ಬಂದು ಕೂರುತ್ತದೆ: ಸ್ವಲ್ಪ ಸಿಹಿ, ಸ್ವಲ್ಪ ಹೊಗೆ, ಸ್ವಲ್ಪ ಅಜ್ಜಿಯ ತಲೆದಿಂಬು. ಕಣಗಳಲ್ಲಿ ಒಡೆದ ತೆಂಗಿನ ಹೋಳುಗಳು ಸಾವಿರಗಟ್ಟಲೆ ಬಾಯಿ ತೆರೆದು ಬಿಸಿಲು ಕುಡಿಯುತ್ತ ಬಿದ್ದಿರುತ್ತವೆ. ಗಾಣದಿಂದ ಇಳಿದ ಎಣ್ಣೆಯನ್ನು ಡಬ್ಬಿಗೆ ಹುಯ್ಯಿಸಿಕೊಂಡು, ಮಡಿಲಲ್ಲಿ ಮಗುವಿನಂತೆ ಇಟ್ಟುಕೊಂಡು ವಾಪಸು ಬರುತ್ತೇನೆ. ಸೂಲೂರು ದಾಟುವ ಹೊತ್ತಿಗೆ ಸೀರೆಗೆ ಒಂದು ಬೊಟ್ಟಾದರೂ ಬಿದ್ದಿರುತ್ತದೆ.

ಲೆಕ್ಕ ಮಾತ್ರ ತಪ್ಪುವ ಹಾಗಿಲ್ಲ. ನನ್ನದು ಒಂದು ಕಿಲೋ ಎಣ್ಣೆಯ ಪಾಕ: ತೆಂಗಿನೆಣ್ಣೆ 700 ಗ್ರಾಂ, ಎಳ್ಳೆಣ್ಣೆ 200, ಹರಳೆಣ್ಣೆ 100. ಒಂದೊಂದು ಎಣ್ಣೆ ಬೇಡುವ ಕಾಸ್ಟಿಕ್ ಸೋಡಾ ಒಂದೊಂದು ತೂಕ. ತೆಂಗಿನೆಣ್ಣೆ ಮಹಾ ಹೊಟ್ಟೆಬಾಕ, ಕಿಲೋಗೆ 183 ಗ್ರಾಂ ಬೇಕು. ಹರಳೆಣ್ಣೆಗೆ 128 ಸಾಕು. ಎಲ್ಲ ಕೂಡಿಸಿ, ನೂರಕ್ಕೆ ಐದು ಪಾಲು ಕಳೆದರೆ 159 ಗ್ರಾಂ. ಆ ಐದು ಪಾಲು ಕಳೆಯುವುದು ಏಕೆಂದರೆ, ಒಂದಿಷ್ಟು ಎಣ್ಣೆ ಎಣ್ಣೆಯಾಗಿಯೇ ಉಳಿದರೆ ಚರ್ಮಕ್ಕೆ ಹಿತ. ಕ್ಷಾರ ಉಳಿದರೆ ಮೈಯೆಲ್ಲ ಉರಿ. ಅಡುಗೆಯಲ್ಲಿ ಕೈಯಳತೆಯನ್ನು ನಂಬಿ ಮೂವತ್ತು ವರ್ಷ ಸಂಸಾರ ಮಾಡಿದವಳು ನಾನು. ಈಗ ಅಕ್ಕಸಾಲಿಗನಂತೆ ತಕ್ಕಡಿಯ ಮುಂದೆ ಉಸಿರು ಬಿಗಿಹಿಡಿದು ಕೂರುತ್ತೇನೆ.

ಮೊದಲ ಸಲ ಆದದ್ದನ್ನು ಹೇಳಿಬಿಡುತ್ತೇನೆ. ಕಾಸ್ಟಿಕ್ಕನ್ನು ನೀರಿಗೆ ಹಾಕಬೇಕು, ನೀರನ್ನು ಕಾಸ್ಟಿಕ್ಕಿಗೆ ಹುಯ್ಯಬಾರದು ಎಂಬುದು ಗೊತ್ತಿತ್ತು. ಕನ್ನಡಕ, ಕೈಗವಸು, ತೆರೆದ ಕಿಟಕಿ ಎಲ್ಲ ಸಜ್ಜಾಗಿತ್ತು. ಪಾತ್ರೆಯ ಕಡೆಗೇ ಗಮನ ಹೋಗಲಿಲ್ಲ. ಅದು ಅಲ್ಯೂಮಿನಿಯಂ ಡಬರಿ. ಹರಳು ಬಿದ್ದದ್ದೇ ತಡ, ತಳದಿಂದ ಬುಸ್ ಎಂದು ಗುಳ್ಳೆ ಎದ್ದು, ನೀರು ಕಪ್ಪಾಗಿ, ಪಾತ್ರೆ ಒಲೆಯಿಲ್ಲದೆ ಕುದಿಯತೊಡಗಿತು. ಅಲ್ಯೂಮಿನಿಯಮ್ಮನ್ನು ಕಾಸ್ಟಿಕ್ ತಿನ್ನುತ್ತದೆ, ತಿಂದು ಹೈಡ್ರೋಜನ್ ಬಿಡುತ್ತದೆ. ಆ ಹೊತ್ತಿನಲ್ಲಿ ದೇವರ ಮನೆಯ ದೀಪ ದೂರದಲ್ಲಿತ್ತು ಎಂಬುದೇ ಪುಣ್ಯ. ನಮ್ಮ ಯಜಮಾನರು ಬಾಗಿಲಲ್ಲಿ ನಿಂತು, ‘ಸೋಪು ಅಂಗಡೀಲಿ ಸಿಗುತ್ತಲ್ಲ’ ಎಂದರು. ಬೇರೇನೂ ಹೇಳಲಿಲ್ಲ. ಅದೇ ಹೆಚ್ಚು ಉರಿಯಿತು. ಅಂದಿನಿಂದ ಸ್ಟೀಲ್ ಪಾತ್ರೆ, ಅದೂ ಸೋಪಿಗೆಂದೇ ಬೇರೆ ಇಟ್ಟದ್ದು.

ಆಮೇಲಿನದೆಲ್ಲ ಹದದ ಮಾತು. ಕಾಸ್ಟಿಕ್ ನೀರು ಆರಬೇಕು, ಎಣ್ಣೆ ಬೆಚ್ಚಗಿರಬೇಕು, ಎರಡನ್ನೂ ಸೇರಿಸಿ ಕಡೆಯಬೇಕು. ಕೈಮಿಕ್ಸರ್ ಹಿಡಿದರೆ ಐದು ನಿಮಿಷದ ಕೆಲಸ. ನನಗೆ ಹಳೆಯ ಮರದ ಕಡೆಗೋಲೇ ಇಷ್ಟ. ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ, ಎಣ್ಣೆ ಎಣ್ಣೆಯೇ, ನೀರು ನೀರೇ. ಬೇಸತ್ತು ಕೈ ಬಿಡೋಣ ಎನ್ನುವಷ್ಟರಲ್ಲಿ ಬಣ್ಣ ಮಂಕಾಗುತ್ತದೆ. ಮಜ್ಜಿಗೆ, ಆಮೇಲೆ ಸಂಪಣ, ಆಮೇಲೆ ದೋಸೆ ಹಿಟ್ಟು. ಕಡೆಗೋಲು ಎತ್ತಿ ಮೇಲಿಂದ ಒಂದು ಎಳೆ ಬಿಟ್ಟರೆ ಅದು ಮುಳುಗದೆ ರಂಗೋಲಿಯಂತೆ ಮೇಲೇ ನಿಲ್ಲಬೇಕು. ಮೈಸೂರು ಪಾಕಿನಲ್ಲಿ ಈ ಗಳಿಗೆ ತಪ್ಪಿದರೆ ಕಲ್ಲು. ಸೋಪು ಅಷ್ಟು ಮುನಿಸಿನದಲ್ಲ, ಒಂದೆರಡು ನಿಮಿಷ ಸೈರಿಸುತ್ತದೆ.

ಎರಡನೇ ಸಲ ಬಣ್ಣಕ್ಕೆಂದು ಎಣ್ಣೆಗೆ ಒಂದು ಚಮಚ ಈರೋಡಿನ ಅರಿಶಿನ ಕದಡಿದ್ದೆ. ಕಾಸ್ಟಿಕ್ ನೀರು ಬಿದ್ದ ಕೂಡಲೇ ಹಳದಿ ಹೋಗಿ ಕೆಂಪು ಎದ್ದಿತು. ಅದೇ ಹೊತ್ತಿಗೆ ಅತ್ತೆ ಒಳಗೆ ಬಂದರು. ಪಾತ್ರೆಯನ್ನು ನೋಡಿದರು, ನನ್ನನ್ನು ನೋಡಿದರು.

‘ಆರತಿ ನೀರು ಯಾರಿಗೆ ಮಾ? ಯಾರು ಬರ್ತಾವ್ರೆ?’

ನಗು ಬಂತು, ಹೊಟ್ಟೆಯಲ್ಲಿ ಚಳುಕೂ ಬಂತು. ಅರಿಶಿನಕ್ಕೆ ಸುಣ್ಣ ಸೇರಿಸಿ ಕೆಂಪಾರತಿ ಮಾಡುವುದೂ ಇದೂ ಒಂದೇ ಕಸುಬು. ಕ್ಷಾರ ತಾಗಿದರೆ ಅರಿಶಿನ ಕೆಂಪಾಗುತ್ತದೆ ಎಂಬುದನ್ನು ಅವರು ಎಷ್ಟು ಹಸೆಮಣೆಗಳ ಮುಂದೆ ಮಾಡಿ ತೋರಿಸಿಲ್ಲ? ಆ ಕೆಂಪು ನಿಲ್ಲಲಿಲ್ಲ. ವಾರ ಕಳೆಯುವುದರೊಳಗೆ ಇಳಿದು, ಹಣ್ಣೆಲೆಯ ಹಳದಿಗೆ ಬಂದು ನಿಂತಿತು.

ಸೋಪಿನ ವಿಷಯದಲ್ಲಿ ಅತ್ತೆ ನನಗಿಂತ ದೊಡ್ಡ ಪಂಡಿತರು ಎಂಬುದು ಅಂದು ಗೊತ್ತಾಯಿತು. ಅವರ ತವರು ಸಿರುಮುಗೈ, ರೇಷ್ಮೆ ಸೀರೆಯ ಊರು. ಹಸಿ ರೇಷ್ಮೆಯ ಮೇಲೆ ಹುಳು ಬಿಟ್ಟ ಅಂಟಿರುತ್ತದೆ. ಅದು ಹೋಗದೆ ಹೊಳಪೂ ಇಲ್ಲ, ಮೃದುವೂ ಇಲ್ಲ. ಅದಕ್ಕೆ ಲಡಿಗಳನ್ನು ಸೋಪು, ಸೋಡಾ ಹಾಕಿದ ನೀರಿನಲ್ಲಿ ಬೇಯಿಸುತ್ತಾರೆ. ‘ಹೆಚ್ಚು ಬೆಂದ್ರೆ ನೂಲು ಸತ್ತೋಗುತ್ತೆ, ಕಮ್ಮಿ ಬೆಂದ್ರೆ ಬಣ್ಣ ಹಿಡಿಯಲ್ಲ,’ ಎಂದರು ಅತ್ತೆ. ಬೆಂದು ಎದ್ದ ರೇಷ್ಮೆ ನಾಲ್ಕರಲ್ಲಿ ಒಂದು ಪಾಲಿನಷ್ಟು ತೂಕ ಕಳೆದುಕೊಂಡಿರುತ್ತದಂತೆ. ಸೋಪಿಗೆ ಅವರು ಹೇಳುವುದೇ ‘ಸವುಕ್ಕಾರ’ ಎಂದು. ತಮಿಳಿನಲ್ಲಿ ಅದು ಸವರ್ಕ್ಕಾರಂ: ಸವರ್ ಎಂದರೆ ಚೌಳು, ಕಾರಂ ಎಂದರೆ ಕ್ಷಾರ. ನಮ್ಮ ಸಾಬೂನು ಅರಬ್ಬಿ, ಪಾರಸಿ ದಾರಿಯಲ್ಲಿ ಬಂದದ್ದು. ಅವರದು ಇಲ್ಲೇ ನೆಲದಲ್ಲಿ ಸಿಕ್ಕದ್ದು. ಕತ್ತೆಯ ಮೇಲೆ ಚೌಳು ಮಣ್ಣು ಹೇರಿಕೊಂಡು ಬಂದು ಉಬ್ಬೆ ಹಾಕುತ್ತಿದ್ದ ಅಗಸರನ್ನು ಕೊಳ್ಳೇಗಾಲದಲ್ಲಿ ನಾನೂ ಕಂಡಿದ್ದೇನೆ. ಆ ಹೆಸರಿನೊಳಗೆ ಆ ಕತ್ತೆಯೂ ಇದೆ.

ಸೋಪು, ಬಣ್ಣ, ನೀರು ಎಂದು ಈ ಸೀಮೆಯಲ್ಲಿ ಮಾತು ತೆಗೆದರೆ ತಿರುಪ್ಪೂರಿನ ಕಡೆ ಹೊರಳದೆ ಇರುವುದಿಲ್ಲ. ಬನಿಯನ್ನಿನ ಊರಿನ ಬಣ್ಣದ ನೀರೆಲ್ಲ ನೊಯ್ಯಲ್ ನದಿಗೆ ಬಿದ್ದು, 2011ರಲ್ಲಿ ಮದ್ರಾಸ್ ಹೈಕೋರ್ಟು ಬಣ್ಣ ಹಾಕುವ ಘಟಕಗಳಿಗೆ ಬೀಗ ಹಾಕಿಸಿತು. ನನ್ನ ಒಂದು ಕಿಲೋ ಸೋಪಿನ ಪಾತ್ರೆ ತೊಳೆದ ನೀರು ಅದರ ಮುಂದೆ ಯಾವ ಲೆಕ್ಕ? ಆದರೂ ಅದನ್ನು ಗಿಡಕ್ಕೆ ಹುಯ್ಯುವುದಿಲ್ಲ. ಪಾತ್ರೆಗೆ ಮೆತ್ತಿದ್ದನ್ನು ಹಾಗೇ ಬಿಟ್ಟರೆ ಮರುದಿನ ಅದೂ ಸೋಪಾಗಿರುತ್ತದೆ. ಅದರಲ್ಲೇ ಪಾತ್ರೆ ಉಜ್ಜುತ್ತೇನೆ.

ಅಚ್ಚಿಗೆ ಹುಯ್ದು, ಮರುದಿನ ಬರ್ಫಿಯಂತೆ ಕೊಯ್ದರೆ ಕೆಲಸ ಮುಗಿಯಿತು ಎಂದುಕೊಳ್ಳುವವರು ಹೊಸಬರು. ಇನ್ನು ಕಾಯಬೇಕು. ನಾಲ್ಕರಿಂದ ಆರು ವಾರ ಎನ್ನುತ್ತವೆ ಪುಸ್ತಕಗಳು. ನಾನು ಒಂದು ಮಂಡಲ ಎಂದು ಇಟ್ಟುಕೊಂಡಿದ್ದೇನೆ, 48 ದಿನ. ಅಟ್ಟದಲ್ಲಿ, ಕಳಚಿಟ್ಟ ಮಗ್ಗದ ಮರಗಳ ಮೇಲೆ, ಒಂದಕ್ಕೊಂದು ತಾಗದಂತೆ ಬಿಲ್ಲೆಗಳನ್ನು ನಿಲ್ಲಿಸುತ್ತೇನೆ. ಆಡಿ ತಿಂಗಳಾದರೆ ಪಾಲಕ್ಕಾಡಿನ ಕಣಿವೆಯಿಂದ ನುಗ್ಗುವ ಗಾಳಿ ನನ್ನ ಪಾಲಿನ ಕೂಲಿಯಾಳು. ಅಮ್ಮಿಕಲ್ಲೂ ಹಾರುವ ಗಾಳಿ ಎಂದು ಇಲ್ಲಿಯ ಮಾತು. ಸೋಪಿನ ನೀರು ಅದಕ್ಕೆ ಎಷ್ಟರದು? ವಾರಕ್ಕೊಮ್ಮೆ ಏಣಿ ಹತ್ತಿ, ಬಿಲ್ಲೆಗಳ ಮಗ್ಗುಲು ಬದಲಿಸಿ, ಒಂದನ್ನು ನಾಲಿಗೆಯ ತುದಿಗೆ ತಾಗಿಸುತ್ತೇನೆ. ಕ್ಷಾರ ಉಳಿದಿದ್ದರೆ ಬ್ಯಾಟರಿ ನೆಕ್ಕಿದಂತೆ ಚುರುಕ್ ಎನ್ನುತ್ತದೆ. ಚುರುಕು ಹೋಗಿ ಬರಿಯ ಸೋಪಿನ ರುಚಿ ಉಳಿದರೆ ಸರಿ. ಅಟ್ಟದಿಂದ ಇಳಿಯುವಾಗ ನನ್ನ ಮುಖ ನೋಡಿಯೇ ಮನೆಯವರಿಗೆ ಫಲಿತಾಂಶ ತಿಳಿಯುತ್ತದೆ.

ನಾದಿನಿಯ ಮಗಳು, ‘ಅತ್ತೆ, ಚೆನ್ನಾಗಿ ಪ್ಯಾಕ್ ಮಾಡಿ ಇನ್‌ಸ್ಟಾಗ್ರಾಂನಲ್ಲಿ ಮಾರೋಣ’ ಎನ್ನುತ್ತಾಳೆ. ಮೈಸೋಪು ಮಾಡಿ ಮಾರಲು ಲೈಸೆನ್ಸ್ ಬೇಕು ಎಂದು ಹೇಳಿ ಬಾಯಿ ಮುಚ್ಚಿಸಿದ್ದೇನೆ. ಕಾನೂನು ಹೌದು, ಆದರೆ ಅದೊಂದು ನೆಪ. ಆರ್ಡರ್ ಬಂದರೆ ಕಡೆಗೋಲು ಹೋಗಿ ಯಂತ್ರ ಬರುತ್ತದೆ, ಏಣಿ ಹತ್ತುವುದು ಡ್ಯೂಟಿಯಾಗುತ್ತದೆ.

ಹಾಗಾಗಿ ಹಂಚುತ್ತೇನೆ. ಹಂಚಿದ್ದು ಎಲ್ಲಿ ಹೋಗುತ್ತದೆ ಎಂದು ಈಗ ನಿಮಗೂ ಊಹೆಯಾಗಿರಬೇಕು. ನೆಂಟರೆಲ್ಲ ಮೂಸಿ, ‘ಎಷ್ಟ್ ಚೆನ್ನಾಗಿದೆ’ ಎಂದು, ಬೀರುವಿನಲ್ಲಿ ಸೀರೆಗಳ ನಡುವೆ ಇಡುತ್ತಾರೆ. ಅತ್ತೆಯೂ ಅಷ್ಟೆ. ತಲೆಗೆ ಅವರಿಗೆ ಅರಪ್ಪೇ ಆಗಬೇಕು, ನಮ್ಮ ಕಡೆ ಚಿಗರೆಪುಡಿ ಎನ್ನುತ್ತೇವಲ್ಲ, ಅದು; ಮೈಗೆ ಅಂಗಡಿಯ ಸೋಪು. ನನ್ನ ಹಳದಿ ಬಿಲ್ಲೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ‘ಸೀರೆಗೆ ನುಸಿ ಬರಲ್ಲ’ ಎಂದು ಒಳಗಿಟ್ಟು ಬೀಗ ಹಾಕಿದರು. ಉಪ್ಪು ತಣ್ಣಿಯಲ್ಲಿ ಪರೀಕ್ಷೆ ಮಾಡಿದವಳು ನಾನೊಬ್ಬಳೇ. ಜಿಡ್ಡು ಬಂದೇ ಬಂತು, ಬೂದು ಬಳೆ ಪೂರ್ತಿ ಹೋಗಲಿಲ್ಲ. ನೊರೆಯೂ ಬಂತು, ಕೈ ತುಂಬ.

ಮೊನ್ನೆ ಹಿತ್ತಿಲಿಗೆ ಹೋದಾಗ, ಉಪ್ಪು ತಣ್ಣಿ ನಲ್ಲಿಯ ಕಟ್ಟೆಯ ಮೇಲೆ ಬಟ್ಟೆ ಒಗೆಯುವ ನೀಲಿ ಸೋಪು ಇತ್ತು. ಅದರ ಬೆನ್ನಿಗೆ ಒತ್ತಿ ಅಂಟಿಸಿದ ಒಂದು ತೆಳ್ಳನೆಯ ಹಳದಿ ಚೂರು. ಬೀಗದ ಬೀರುವಿನಿಂದ ಅದು ಯಾವಾಗ ಹೊರಗೆ ಬಂತು, ಯಾರ ಮೈಮೇಲೆ ಇಷ್ಟು ಸವೆಯಿತು, ಒಬ್ಬರೂ ಹೇಳಿರಲಿಲ್ಲ. ಅತ್ತೆ ತುಳಸಿಕಟ್ಟೆಯ ಬಳಿ ಹೂ ಕಟ್ಟುತ್ತ ಕೂತಿದ್ದರು.

‘ಇನ್ನೂ ಒಂದು ವಾರ ಬರುತ್ತೆ ಮಾ, ಬಿಸಾಕಕ್ಕೆ ಮನಸ್ಸಾಗ್ಲಿಲ್ಲ,’ ಎಂದರು, ತಲೆ ಎತ್ತದೆ.

ಹೊಗಳಿದರೋ, ಬಟ್ಟೆ ಸೋಪಿಗೆ ಇಳಿಸಿದರೋ ತಿಳಿಯದೆ ನಲ್ಲಿ ತಿರುಗಿಸಿ ಕೈ ತೊಳೆದುಕೊಂಡೆ. ನೀಲಿಗಿಂತ ಮೊದಲು ಹಳದಿಯೇ ನೊರೆ ಬಿಟ್ಟಿತು.